ಎತ್ತಿಗೆ ಜ್ವರ, ಎಮ್ಮೆಗೆ ಬರೆ

‘ಸರ್ವರ್ ಇಲ್ಲ, ನಾಳೆ ಬನ್ನಿ.’ ಚಿತ್ರದುರ್ಗ ಜಿಲ್ಲೆಯ ಯಾವ ಹೋಬಳಿಗೆ ಹೋದರೂ ಈ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಪಹಣಿಗೆ ಹೋದ ರೈತ, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಹೋದ ವಿದ್ಯಾರ್ಥಿ, ಪಡಿತರ ಅಂಗಡಿಯಲ್ಲಿ ಹೆಬ್ಬೆರಳು ಒತ್ತಲು ಸಾಲಿನಲ್ಲಿ ನಿಂತ ಅಜ್ಜಿ, ಎಲ್ಲರಿಗೂ ಒಂದೇ ಉತ್ತರ. ಹಿಂದೆ ‘ಸಾಹೇಬರು ಊರಲ್ಲಿಲ್ಲ’ ಎನ್ನುತ್ತಿದ್ದ ಜಾಗದಲ್ಲಿ ಈಗ ‘ಸರ್ವರ್ ಇಲ್ಲ’ ಬಂದು ಕುಳಿತಿದೆ. ಸಾಹೇಬರನ್ನಾದರೂ ಸಂತೆಯಲ್ಲೋ ಬಸ್ ನಿಲ್ದಾಣದಲ್ಲೋ ಜನ ನೋಡಿರುತ್ತಿದ್ದರು. ಈ ಸರ್ವರ್ ಎಂಬುವರನ್ನು ಕಣ್ಣಾರೆ ಕಂಡವರು ಹೋಬಳಿಯಲ್ಲಿ ಯಾರೂ ಇಲ್ಲ.

ಹಾಗೆ ನೋಡಿದರೆ ಸರ್ವರ್ ಎಂದರೆ ದೂರದ ಊರಿನಲ್ಲಿ ಮಾಹಿತಿ ಇಟ್ಟುಕೊಂಡು, ಕೇಳಿದವರಿಗೆ ಬಡಿಸುವ ಒಂದು ಕಂಪ್ಯೂಟರು, ಅಷ್ಟೆ. ಹೋಟೆಲಿನಲ್ಲಿ ದೋಸೆ ಬರಲಿಲ್ಲವೆಂದರೆ ಬಡಿಸುವವನು ಅಂದು ರಜೆ ಎಂದೇ ಅರ್ಥವಲ್ಲ. ಗಿರಾಕಿ ಹೇಳಿದ್ದು ಅವನಿಗೆ ಕೇಳಿಸಿರಲಿಕ್ಕಿಲ್ಲ. ಒಳಗೆ ಗ್ಯಾಸು ಮುಗಿದಿರಬಹುದು. ದೋಸೆ ಪಕ್ಕದ ಮೇಜಿಗೆ ಹೋಗಿರಬಹುದು. ಕಂಪ್ಯೂಟರ್ ಜಾಲದಲ್ಲೂ ಹಾಗೆಯೇ. ಕೈಯಲ್ಲಿರುವ ಮೊಬೈಲಿನಿಂದ ಆ ದೂರದ ಸರ್ವರಿನವರೆಗೆ ಹತ್ತಾರು ಕೊಂಡಿಗಳಿವೆ. ಯಾವುದು ಕಳಚಿದರೂ ಪರದೆಯ ಮೇಲೆ ಅದೇ ಚಕ್ರ ಗಿರಗಿರನೆ ಸುತ್ತುತ್ತದೆ. ಕಾಣುವ ಲಕ್ಷಣ ಒಂದೇ, ಕಾಯಿಲೆಗಳು ಹಲವು. ಆದ್ದರಿಂದಲೇ ಮದ್ದು ತಪ್ಪುತ್ತದೆ. ಹೊಸ ಮೊಬೈಲು ಕೊಳ್ಳುತ್ತಾರೆ, ಕಂಪೆನಿ ಬದಲಿಸುತ್ತಾರೆ, ಮಗನಿಗೆ ಬೈಯುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುವ ಗಾದೆ ಹುಟ್ಟಿದ್ದು ಕಂಪ್ಯೂಟರಿಗಾಗಿ ಅಲ್ಲದಿದ್ದರೂ ಅದಕ್ಕೆ ಇಷ್ಟು ಚೆನ್ನಾಗಿ ಹೊಂದುವ ಗಾದೆ ಇನ್ನೊಂದಿಲ್ಲ.

ಇದು ನಗುವ ವಿಷಯ ಮಾತ್ರವಲ್ಲ. 2020ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಮೊಬೈಲಿಗೆ ಬಂದಾಗ ರಾಜ್ಯದ ಅನೇಕ ಹಳ್ಳಿಗಳ ಮಕ್ಕಳು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿದ್ದನ್ನು ಪತ್ರಿಕೆಗಳು ಚಿತ್ರಸಮೇತ ಪ್ರಕಟಿಸಿದವು. ಶಾಲೆಗಳೇನೋ ಮತ್ತೆ ತೆರೆದವು. ಆದರೆ ಆ ಕಾಲ ಬಿಟ್ಟುಹೋದ ಅವಲಂಬನೆ ಹಾಗೆಯೇ ಉಳಿಯಿತು. ವಿದ್ಯಾರ್ಥಿವೇತನದ ಅರ್ಜಿ ಕಂಪ್ಯೂಟರಿನಲ್ಲಿ, ಸಿಇಟಿ ಬರೆದ ಮೇಲೆ ಕಾಲೇಜು ಆಯ್ಕೆ ದಾಖಲಿಸುವುದು ಕಂಪ್ಯೂಟರಿನಲ್ಲಿ, ಫಲಿತಾಂಶವೂ ಅಲ್ಲೇ. ಇವಕ್ಕೆಲ್ಲ ಕೊನೆಯ ದಿನ ಎಂಬುದೊಂದಿದೆ. ಹಿರಿಯೂರಿನ ಹುಡುಗನಿಗೂ ಬೆಂಗಳೂರಿನ ಹುಡುಗನಿಗೂ ಕೊನೆಯ ದಿನ ಒಂದೇ. ಹಿರಿಯೂರಿನವನ ಮನೆಯ ತಂತಿ ತುಂಡಾಗಿದೆಯೆಂದು ಅದು ಒಂದು ದಿನವೂ ಮುಂದಕ್ಕೆ ಹೋಗುವುದಿಲ್ಲ. ತೊಂದರೆ ಎಲ್ಲಿದೆ ಎಂದು ಅರ್ಧ ಗಂಟೆಯಲ್ಲಿ ಕಂಡುಕೊಳ್ಳುವ ಮನೆಗೂ ಮೂರು ದಿನ ಪರದಾಡುವ ಮನೆಗೂ ನಡುವಿನ ಅಂತರ ಕೆಲವೊಮ್ಮೆ ಒಂದು ಸೀಟಿನಷ್ಟಿರುತ್ತದೆ.

ಸಮಾಧಾನದ ಮಾತೆಂದರೆ ಈ ವಿದ್ಯೆ ದುರ್ಗದ ಜನಕ್ಕೆ ಹೊಸದಲ್ಲ. ಬರದ ಸೀಮೆಯವರಿಗೆ ನೀರು ಎಲ್ಲಿ ನಿಂತಿತು ಎಂದು ಹುಡುಕುವುದು ಹುಟ್ಟಿನಿಂದ ಬಂದ ಕಲೆ. ಚಿತ್ರದುರ್ಗದ ಕೋಟೆಯ ಹೊಂಡಗಳನ್ನೇ ನೋಡಿ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಹರಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆ ಹೊಂಡ. ಬಂಡೆಯ ಮೇಲೆ ಬಿದ್ದ ಹನಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುವಂತೆ ಹಿಂದಿನವರು ಮಾಡಿದ ಏರ್ಪಾಡು ಅದು. ಸಂತೆ ಹೊಂಡ ಬತ್ತಿದೆ ಎಂದಿಟ್ಟುಕೊಳ್ಳಿ. ಮಳೆಯೇ ಬಂದಿಲ್ಲವೋ, ದಾರಿಯಲ್ಲಿ ಹೂಳು ತುಂಬಿದೆಯೋ? ಕೆಳಗೆ ನಿಂತು ಆಕಾಶ ನೋಡಿದರೆ ಗೊತ್ತಾಗುವುದಿಲ್ಲ. ಒಂದು ಹೊಂಡ ಮೇಲೆ ಹತ್ತಿ ನೋಡಬೇಕು. ಮೇಲಿನದು ತುಂಬಿದ್ದು ಕೆಳಗಿನದು ಖಾಲಿಯಾಗಿದ್ದರೆ ಅಡಚಣೆ ಅವೆರಡರ ನಡುವೆಯೇ ಇದೆ. ಮೇಲಿನದೂ ಖಾಲಿಯಾಗಿದ್ದರೆ ಇನ್ನೂ ಒಂದು ಹೊಂಡ ಮೇಲಕ್ಕೆ. ಕಂಪ್ಯೂಟರ್ ಜಾಲದ ದೋಷ ಹುಡುಕುವ ವಿದ್ಯೆಯ ಮುಕ್ಕಾಲು ಪಾಲು ಇಷ್ಟರಲ್ಲೇ ಮುಗಿಯಿತು. ಉಳಿದ ಕಾಲು ಪಾಲು ಹೊಂಡಗಳ ಹೆಸರು ತಿಳಿಯುವುದು.

ಆ ಹೆಸರುಗಳು ಹೀಗಿವೆ. ಮೊದಲನೆಯದು ಕೈಯಲ್ಲಿರುವ ಮೊಬೈಲು ಅಥವಾ ಕಂಪ್ಯೂಟರು. ಎರಡನೆಯದು ಅದರಿಂದ ಗೋಡೆಯ ಮೇಲಿನ ಪೆಟ್ಟಿಗೆಯವರೆಗಿನ ದಾರಿ. ಅದು ತಂತಿಯಾಗಿರಬಹುದು, ಗಾಳಿಯಲ್ಲಿ ಹೋಗುವ ವೈಫೈ ಅಲೆಯಾಗಿರಬಹುದು. ಮೂರನೆಯದು ಆ ಪೆಟ್ಟಿಗೆ, ಅಂದರೆ ರೌಟರು. ಮನೆಯೊಳಗಿನ ಎಲ್ಲ ಯಂತ್ರಗಳ ಮಾತನ್ನು ಹೊರಗಿನ ಜಾಲಕ್ಕೆ ದಾಟಿಸುವ ದ್ವಾರಪಾಲಕ ಅದು. ನಾಲ್ಕನೆಯದು ಮನೆಯಿಂದ ಕಂಬಕ್ಕೆ, ಕಂಬದಿಂದ ಊರಿನ ಕೇಂದ್ರಕ್ಕೆ ಹೋಗುವ ಗಾಜಿನ ಎಳೆ. ಐದನೆಯದು ಸೇವೆ ಕೊಡುವ ಕಂಪೆನಿಯ ಜಾಲ. ಕಟ್ಟಕಡೆಯದು ಸರ್ವರ್. ಜನರ ಬಾಯಲ್ಲಿ ಮೊದಲು ಬರುವ ಹೆಸರು ದಾರಿಯ ಕೊನೆಯಲ್ಲಿರುವುದು ವಿಚಿತ್ರವಾದರೂ ನಿಜ.

ಹೊಸದುರ್ಗ ತಾಲ್ಲೂಕಿನ ಒಂದು ತೋಟದ ಮನೆಯನ್ನು ಕಲ್ಪಿಸಿಕೊಳ್ಳಿ. ಸುತ್ತ ತೆಂಗು, ಮಗ್ಗುಲಲ್ಲಿ ಎರಡೆಕರೆ ದಾಳಿಂಬೆ. ಮನೆಯ ಮಗಳು ಪಿಯುಸಿ ಮುಗಿಸಿದ್ದಾಳೆ. ಕಾಲೇಜು ಆಯ್ಕೆ ದಾಖಲಿಸಲು ಅಂದೇ ಕೊನೆಯ ದಿನ. ಹಿಂದಿನ ರಾತ್ರಿ ಗಾಳಿ ಜೋರಾಗಿ ಬೀಸಿದೆ. ಬೆಳಿಗ್ಗೆ ಎದ್ದು ನೋಡಿದರೆ ಯಾವ ಪುಟವೂ ತೆರೆಯುವುದಿಲ್ಲ.

‘ಅಪ್ಪಾಜಿ, ವೈಫೈ ಫುಲ್ ತೋರಿಸ್ತೈತೆ. ಆದ್ರೆ ಏನೂ ಓಪನ್ ಆಗ್ತಿಲ್ಲ. ಸರ್ವರ್ ಹೋಗೈತೇನೋ.’

ಏಳನೇ ತರಗತಿಗೇ ಓದು ಬಿಟ್ಟ ಅಪ್ಪನಿಗೆ ಸರ್ವರ್ ಗೊತ್ತಿಲ್ಲ. ಆದರೆ ಬೋರು ಗೊತ್ತು.

‘ನಂಗೆ ಅದೆಲ್ಲ ತಿಳಿಯಲ್ಲ ಕಣವ್ವ. ದಾಳಿಂಬೆ ಗಿಡಕ್ಕೆ ಡ್ರಿಪ್ಪಲ್ಲಿ ನೀರು ಬರ್ಲಿಲ್ಲ ಅಂದ್ರೆ ಮೊದ್ಲು ಏನು ನೋಡ್ತೀವಿ ಹೇಳು.’

‘ಒಂದೇ ಗಿಡಕ್ಕೆ ಬರ್ತಿಲ್ವೋ, ಎಲ್ಲಾ ಗಿಡಕ್ಕೂ ಬರ್ತಿಲ್ವೋ ಅಂತ.’

‘ಹ್ಞಾಂ. ಒಂದೇ ಗಿಡ ಆದ್ರೆ?’

‘ಆ ತೂತು ಕಟ್ಟೈತೆ ಅಂತ.’

‘ಎಲ್ಲಾ ಗಿಡ ಆದ್ರೆ?’

‘ಫಿಲ್ಟರು, ವಾಲ್ವು, ಮೋಟ್ರು, ಸ್ಟಾರ್ಟ್ರು, ಫ್ಯೂಜು, ಟಿ.ಸಿ...’

‘ಇದೂ ಅಂಗೇ ನೋಡು ಮತ್ತೆ. ಬೋರು ಬತ್ತೋಯ್ತು ಅಂತ ಮೊದ್ಲೇ ಯಾಕೆ ಅಳ್ತೀಯ?’

ಮಗಳು ಅಮ್ಮನ ಮೊಬೈಲಿನಲ್ಲಿ ನೋಡಿದಳು. ಅದರಲ್ಲೂ ಇಲ್ಲ. ಹಾಗಾದರೆ ದೋಷ ತನ್ನ ಮೊಬೈಲಿನದಲ್ಲ. ವೈಫೈ ಗುರುತು ಎರಡರಲ್ಲೂ ತುಂಬಿದೆ. ಆ ಗುರುತು ಹೇಳುವುದು ಮೊಬೈಲಿನಿಂದ ರೌಟರಿನವರೆಗಿನ ದಾರಿಯ ವಿಷಯ ಮಾತ್ರ, ಅದರಾಚೆಯದಲ್ಲ. ವಾಲ್ವಿನವರೆಗೆ ಪೈಪು ಸರಿಯಿದೆ ಎಂದ ಮಾತ್ರಕ್ಕೆ ಬೋರಿನಲ್ಲಿ ನೀರಿದೆ ಎಂದಲ್ಲವಲ್ಲ, ಹಾಗೆ. ಮುಂದಿನದು ರೌಟರು. ಅದರ ಮೇಲಿನ ದೀಪಗಳಲ್ಲಿ ಒಂದು ಕೆಂಪಗೆ ಮಿನುಗುತ್ತಿತ್ತು. ಪಕ್ಕದಲ್ಲಿ ಎಲ್‌ಒಎಸ್ ಎಂಬ ಮೂರು ಅಕ್ಷರ. ಗಾಜಿನ ಎಳೆಯಲ್ಲಿ ಬರಬೇಕಾದ ಬೆಳಕು ಬರುತ್ತಿಲ್ಲ ಎಂಬುದೇ ಅದರ ಅರ್ಥ. ಅಪ್ಪ ಮಗಳು ತಂತಿಯ ಜಾಡು ಹಿಡಿದು ಹೊರಟರು. ಮೂರನೆಯ ತೆಂಗಿನ ಮರದ ಬುಡದಲ್ಲಿ ಒಣಗರಿ ಬಿದ್ದಿತ್ತು. ಅದರಡಿಯಲ್ಲಿ ಕರಿಯ ತಂತಿ ಮಡಿಚಿ ಮುರಿದಿತ್ತು.

ಇಷ್ಟಾಗಲು ಹದಿನೈದು ನಿಮಿಷ. ತಂತಿ ಬೆಸೆಯುವ ಹುಡುಗ ನಾಳೆ ಬರುತ್ತೇನೆಂದ. ಆದರೂ ಆ ಮನೆಯವರು ‘ಸರ್ವರ್ ಸರಿಹೋಗಲಿ’ ಎಂದು ಸಂಜೆಯವರೆಗೆ ಕಾಯಲಿಲ್ಲ. ತಮ್ಮದೇ ತಂತಿ ತುಂಡಾಗಿದೆ, ಅದು ಇಂದು ಕೂಡುವುದಿಲ್ಲ ಎಂದು ಖಚಿತವಾದ ಮೇಲೆ ಬೇರೆ ದಾರಿ ಹುಡುಕುವುದು ಸುಲಭ. ಅಪ್ಪನ ಮೊಬೈಲಿನ ಸಿಮ್ಮು ಬೇರೆ ಕಂಪೆನಿಯದು. ನೀರಿನ ಟ್ಯಾಂಕಿನ ಮೇಲೆ ಅದಕ್ಕೆ ಸಿಗ್ನಲ್ ಸಿಗುತ್ತದೆ. ಮಗಳು ಅಲ್ಲೇ ಕುಳಿತು ತನ್ನ ಆಯ್ಕೆಗಳನ್ನು ದಾಖಲಿಸಿದಳು. ದೋಷ ಕಂಡುಹಿಡಿಯುವುದರ ದೊಡ್ಡ ಲಾಭ ಇದು. ಎಲ್ಲ ದೋಷವನ್ನೂ ಮನೆಯಲ್ಲೇ ರಿಪೇರಿ ಮಾಡಲಾಗುವುದಿಲ್ಲ. ಆದರೆ ಕಾಯಬೇಕೋ, ಎದ್ದು ಬೇರೆಡೆಗೆ ಹೋಗಬೇಕೋ ಎಂಬುದು ತಿಳಿಯುತ್ತದೆ.

ಆ ಅಪ್ಪ ಕೇಳಿದ ಮೊದಲ ಪ್ರಶ್ನೆಗೆ ಇನ್ನೆರಡು ಸೇರಿಸಿದರೆ ಸಾಕು. ಒಂದೇ ಯಂತ್ರಕ್ಕೆ ಬರುತ್ತಿಲ್ಲವೋ, ಎಲ್ಲಕ್ಕೂ ಬರುತ್ತಿಲ್ಲವೋ? ಒಂದೇ ತಾಣ ತೆರೆಯುತ್ತಿಲ್ಲವೋ, ಯಾವುದೂ ತೆರೆಯುತ್ತಿಲ್ಲವೋ? ಯಾವಾಗಲೂ ಹೀಗೆಯೋ, ಕೆಲವು ಹೊತ್ತು ಮಾತ್ರವೋ? ಬೇರೆಲ್ಲ ತೆರೆದು ಒಂದೇ ತಾಣ ತೆರೆಯದಿದ್ದರೆ ‘ಸರ್ವರ್ ಇಲ್ಲ’ ಎಂದು ಹೇಳುವ ಹಕ್ಕು ಬಹುಮಟ್ಟಿಗೆ ಬಂತೆಂದೇ ಲೆಕ್ಕ. ಪಕ್ಕದ ಮನೆಯಲ್ಲೂ ಬೇರೆ ಕಂಪೆನಿಯ ಮೊಬೈಲಿನಲ್ಲೂ ಅದೇ ತಾಣ ತೆರೆಯದಿದ್ದರೆ ಇನ್ನು ಅನುಮಾನವಿಲ್ಲ. ಆಗ ಮನೆಯ ಪೆಟ್ಟಿಗೆಯನ್ನು ಹತ್ತು ಸಲ ಆರಿಸಿ ಹಚ್ಚುವುದು ವ್ಯರ್ಥ. ಬೆಳಗಿನ ಜಾವ, ಜನ ಕಡಿಮೆಯಿರುವ ಹೊತ್ತಿನಲ್ಲಿ ಪ್ರಯತ್ನಿಸುವುದೇ ಮದ್ದು.

ತಂತಿಯ ಜಾಲದ ರೋಗಗಳು ಸಾಮಾನ್ಯವಾಗಿ ಕಣ್ಣಿಗೆ ಕಾಣುವಂಥವು. ಅಮೆರಿಕದ ಜೆರಾಕ್ಸ್ ಕಂಪೆನಿಯ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ 1973ರಲ್ಲಿ ರೂಪಿಸಿದ ಈಥರ್‌ನೆಟ್ ಎಂಬ ಪದ್ಧತಿಯೇ ಬೆಳೆದು ಇಂದು ಕಾಲೇಜಿನ ಕಂಪ್ಯೂಟರ್ ಕೊಠಡಿಗಳಲ್ಲೂ ಕಚೇರಿಗಳಲ್ಲೂ ಹರಡಿದೆ. ಆ ನೀಲಿ ಅಥವಾ ಬೂದು ಬಣ್ಣದ ತಂತಿಯೊಳಗೆ ಎಂಟು ಸಣ್ಣ ಎಳೆಗಳಿವೆ. ಎರಡೆರಡನ್ನು ಜಡೆಯಂತೆ ಹೊಸೆದು ನಾಲ್ಕು ಜೋಡಿ ಮಾಡಿರುತ್ತಾರೆ. ತುದಿಯ ಪ್ಲಾಸ್ಟಿಕ್ ಕೊಕ್ಕೆ ಮುರಿದಿದ್ದರೆ ನೋಡುವವರಿಗೆ ಸಿಕ್ಕಿಸಿದಂತೆ ಕಂಡರೂ ಒಳಗೆ ಸಂಪರ್ಕ ಇರುವುದಿಲ್ಲ. ‘ಟಿಕ್’ ಎಂಬ ಸದ್ದು ಬರುವವರೆಗೆ ಒತ್ತಬೇಕು. ಸಿಕ್ಕಿಸಿದ ಜಾಗದ ಪಕ್ಕದ ಪುಟ್ಟ ದೀಪ ಹೊತ್ತದಿದ್ದರೆ ತಂತಿ, ಕೊಂಡಿ ಅಥವಾ ಅದು ಸೇರುವ ಎರಡು ಯಂತ್ರಗಳಲ್ಲಿ ಒಂದು ಕೆಟ್ಟಿದೆ. ಸರಿಯಿದೆಯೆಂದು ಗೊತ್ತಿರುವ ಇನ್ನೊಂದು ತಂತಿ ಹಾಕಿ ನೋಡಿದರೆ ತೀರ್ಮಾನ ಒಂದೇ ನಿಮಿಷದ ಕೆಲಸ.

ಕೆಲವು ರೋಗಗಳು ಸ್ವಲ್ಪ ಒಳಗಿನವು. ಸೆಕೆಂಡಿಗೆ 100 ಮೆಗಾಬಿಟ್ ವೇಗಕ್ಕೆ ನಾಲ್ಕು ಎಳೆಗಳು ಸಾಕು. 1000 ಮೆಗಾಬಿಟ್ ವೇಗಕ್ಕೆ ಎಂಟೂ ಬೇಕು. ಇಲಿ ಒಂದು ಎಳೆ ಕಡಿದರೆ ಜಾಲ ಪೂರ್ತಿ ಸಾಯದೆ ಕುಂಟುತ್ತಾ ನಡೆಯಬಹುದು. ‘ಬರುತ್ತಿದೆ, ಆದರೆ ನಿಧಾನ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇಂಥ ಒಂದು ಇಲಿ ಇರುತ್ತದೆ. ತಾಮ್ರದ ಈ ತಂತಿಗೆ 100 ಮೀಟರಿನ ಮಿತಿ ಇದೆ ಎಂಬುದನ್ನು ಮರೆತು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಉದ್ದನೆಯ ತಂತಿ ಎಳೆದರೆ ಒಂದು ದಿನ ಬಂದು ಇನ್ನೊಂದು ದಿನ ಬಾರದು. ಇನ್ನು ಕಂಪ್ಯೂಟರ್ ಕೊಠಡಿ ಗುಡಿಸುವಾಗ ಜೋತಾಡುವ ತಂತಿಯ ತುದಿ ನೋಡಿ, ಪಾಪ ಎಲ್ಲಿಂದಲೋ ಕಳಚಿದೆ ಎಂದು ಅದೇ ಪೆಟ್ಟಿಗೆಯ ಖಾಲಿ ಕಿಂಡಿಗೆ ಸಿಕ್ಕಿಸುವ ಪುಣ್ಯಾತ್ಮರಿದ್ದಾರೆ. ಎರಡು ತುದಿಯೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಸಂದೇಶಗಳು ಗಾಣದೆತ್ತಿನಂತೆ ಸುತ್ತಿದ್ದೇ ಸುತ್ತಿ, ಸಾಧಾರಣ ಪೆಟ್ಟಿಗೆಯಾದರೆ ಇಡೀ ಕೊಠಡಿಯ ಜಾಲ ನಿಂತುಹೋಗುತ್ತದೆ. ಎಲ್ಲ ಕಂಪ್ಯೂಟರೂ ಒಮ್ಮೆಲೇ ಸ್ತಬ್ಧವಾಗಿ ಪೆಟ್ಟಿಗೆಯ ದೀಪಗಳೆಲ್ಲ ಒಟ್ಟಿಗೆ ಹುಚ್ಚು ಹಿಡಿದಂತೆ ಮಿಣುಕುತ್ತಿದ್ದರೆ ಹುಡುಕಬೇಕಾದ್ದು ಈ ಪುಣ್ಯಕಾರ್ಯವನ್ನೇ.

ಗಾಜಿನ ಎಳೆಯ ಸ್ವಭಾವ ಬೇರೆ. ತಲೆಗೂದಲಿನಷ್ಟು ಸಣ್ಣ ಆ ಎಳೆಯಲ್ಲಿ ಹರಿಯುವುದು ಕರೆಂಟಲ್ಲ, ಬೆಳಕು. ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಸುಮಾರು 200 ಕಿಲೋಮೀಟರು. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುವುದರಿಂದ ಆ ದೂರ ಅದಕ್ಕೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗದ ದಾರಿ. ಇಷ್ಟು ಶೂರನಾದ ಬೆಳಕು ಒಂದು ಮೊಳೆಗೆ ಸೋಲುತ್ತದೆ. ತಂತಿಯನ್ನು ಬಾಗಿಲ ಸಂದಿನಲ್ಲಿ ಒತ್ತಿ, ಮೊಳೆಗೆ ಬಿಗಿಯಾಗಿ ಸುತ್ತಿ ಮಡಿಸಿದರೆ ಬೆಳಕು ಆ ತಿರುವಿನಲ್ಲಿ ಸೋರಿಹೋಗುತ್ತದೆ. ಗೋಡೆಗೆ ಸುಣ್ಣ ಬಳಿದ ಮರುದಿನ ಇಂಟರ್‌ನೆಟ್ ಹೋಯಿತೆಂದರೆ ಸುಣ್ಣ ಬಳಿದವನು ತಂತಿಯನ್ನು ಎಲ್ಲಿಗೆ ಸರಿಸಿದ ಎಂದು ಮೊದಲು ನೋಡಬೇಕು.

ವೈಫೈ ಎಂಬುದು ಕಣ್ಣಿಗೆ ಕಾಣದ ತಂತಿ. ಅದರ ಮೊದಲ ಅಂತರರಾಷ್ಟ್ರೀಯ ಮಾನಕ ಹೊರಬಂದದ್ದು 1997ರಲ್ಲಿ. ಕಾಣದ್ದರಿಂದಲೇ ಅದರ ಬಗ್ಗೆ ಅನುಮಾನವೂ ಹೆಚ್ಚು, ಮೂಢನಂಬಿಕೆಯೂ ಹೆಚ್ಚು. ಅದೊಂದು ರೇಡಿಯೋ ಅಲೆ ಮಾತ್ರ. ಇಟ್ಟಿಗೆಯ ತೆಳು ಗೋಡೆಯನ್ನು ದಾಟುತ್ತದೆ. ದುರ್ಗದ ಹಳೆಯ ಮನೆಗಳ ಕಲ್ಲುಗೋಡೆಯ ಮುಂದೆ ದಣಿಯುತ್ತದೆ. ಕಬ್ಬಿಣದ ಬೀರು ಅದನ್ನು ಹಿಂದಕ್ಕೆ ತಳ್ಳುತ್ತದೆ. ನೀರು ಅದನ್ನು ಹೀರುತ್ತದೆ. ಆದರೂ ಬೆಲೆಬಾಳುವ ವಸ್ತುವೆಂದು ರೌಟರನ್ನು ಬೀರುವಿನ ಹಿಂದೆಯೋ ಟಿವಿಯ ಅಡಿಯಲ್ಲೋ ಜೋಪಾನವಾಗಿ ಇಡುವುದು ಬಹಳ ಮನೆಗಳ ಪದ್ಧತಿ. ದೀಪವನ್ನು ಕೊಳಗದೊಳಗೆ ಇಟ್ಟು ಮನೆ ಕತ್ತಲೆ ಎಂದು ದೂರಿದಂತೆ ಇದು. ಮನೆಯ ನಡುವೆ, ತಲೆಯಿಂದ ಸ್ವಲ್ಪ ಎತ್ತರದಲ್ಲಿ, ತೆರೆದ ಜಾಗದಲ್ಲಿಟ್ಟರೆ ಅರ್ಧ ದೂರುಗಳು ಖರ್ಚಿಲ್ಲದೆ ಮಾಯವಾಗುತ್ತವೆ.

ವೈಫೈ ಸಾಮಾನ್ಯವಾಗಿ ಎರಡು ಪಟ್ಟಿಗಳಲ್ಲಿ ಬರುತ್ತದೆ. 2.4 ಗಿಗಾಹರ್ಟ್ಸ್ ಪಟ್ಟಿ ದೂರ ಹೋಗುತ್ತದೆ, ಗೋಡೆಗಳನ್ನೂ ತಕ್ಕಮಟ್ಟಿಗೆ ದಾಟುತ್ತದೆ. ಆದರೆ ವೇಗ ಕಡಿಮೆ. 5 ಗಿಗಾಹರ್ಟ್ಸ್ ಪಟ್ಟಿ ವೇಗದ ಕುದುರೆ. ಒಂದೆರಡು ಗೋಡೆ ಬಂದರೆ ಮಂಡಿಯೂರುತ್ತದೆ. ಒಳಕೋಣೆಯಲ್ಲಿ ಓದುವ ಹುಡುಗ 5ರ ಪಟ್ಟಿ ಹಿಡಿದು ಒದ್ದಾಡುವ ಬದಲು 2.4ಕ್ಕೆ ಬದಲಿಸಿದರೆ ಕೆಲಸ ನಡೆಯುತ್ತದೆ. ಹಾಸ್ಟೆಲುಗಳ ಕಥೆ ಬೇರೆ. ಅಲ್ಲಿ ಪಕ್ಕಪಕ್ಕದಲ್ಲೇ ಹತ್ತಾರು ರೌಟರುಗಳು ಒಂದೇ ಸಲಕ್ಕೆ ಮಾತಾಡುತ್ತವೆ. 2.4ರ ಪಟ್ಟಿಯಲ್ಲಿ ಒಂದಕ್ಕೊಂದು ತಾಗದ ಓಣಿಗಳು 1, 6 ಮತ್ತು 11 ಎಂಬ ಮೂರೇ. ಎಲ್ಲರೂ ಒಂದೇ ಓಣಿಯಲ್ಲಿ ನುಗ್ಗಿದರೆ ಸಂತೆಯ ಗದ್ದಲವಾಗಿ ಸಿಗ್ನಲ್ ತುಂಬಿದ್ದರೂ ಮಾತು ಕೇಳಿಸುವುದಿಲ್ಲ. ರೌಟರಿನಲ್ಲಿ ಓಣಿ ಬದಲಿಸುವುದು, ಇಲ್ಲವೇ 5ರ ಪಟ್ಟಿಗೆ ಹೋಗುವುದು ಇದಕ್ಕೆ ಪರಿಹಾರ.

ದೋಷ ತಂತಿಯದೋ ವೈಫೈಯದೋ ಎಂದು ತೀರ್ಮಾನಿಸಲು ಒಂದು ಸರಳ ಪರೀಕ್ಷೆ ಇದೆ. ಒಂದು ಕಂಪ್ಯೂಟರನ್ನು ತಂತಿಯ ಮೂಲಕ ನೇರವಾಗಿ ರೌಟರಿಗೆ ಸೇರಿಸಿ. ತಂತಿಯಲ್ಲಿ ಬಂದು ವೈಫೈಯಲ್ಲಿ ಬಾರದಿದ್ದರೆ ರೋಗ ಗಾಳಿಯಲ್ಲಿದೆ. ಎರಡರಲ್ಲೂ ಬಾರದಿದ್ದರೆ ರೌಟರಿನಲ್ಲಿ ಅಥವಾ ಅದರಾಚೆ ಇದೆ. ಇಡೀ ದಾರಿಯ ನಡುವಿಗೆ ಒಂದು ಗೆರೆ ಎಳೆದು ಅರ್ಧವನ್ನು ನಿರಪರಾಧಿ ಎಂದು ಬಿಟ್ಟುಬಿಡುವ ಉಪಾಯ ಇದು.

ಎಲ್ಲ ಸಂಪರ್ಕವೂ ಸರಿಯಿದ್ದು ವಿಳಾಸ ತಪ್ಪಿದಾಗಲೂ ಜಾಲ ನಿಲ್ಲುತ್ತದೆ. ಮನೆಯ ಪ್ರತಿ ಯಂತ್ರಕ್ಕೂ ರೌಟರು ಒಂದು ಅಂಕಿಯ ವಿಳಾಸ ಕೊಡುತ್ತದೆ. 192.168 ಎಂದು ಆರಂಭವಾಗುವ ಅಂಕಿಗಳನ್ನು ಬಹಳ ಮಂದಿ ನೋಡಿರುತ್ತಾರೆ. ಅದರ ಬದಲು ಕಂಪ್ಯೂಟರು 169.254 ಎಂದು ಆರಂಭವಾಗುವ ವಿಳಾಸ ತೋರಿಸಿದರೆ, ರೌಟರಿನಿಂದ ಉತ್ತರ ಸಿಗದೆ ಅದು ತಾನೇ ಒಂದು ಹೆಸರು ಇಟ್ಟುಕೊಂಡಿದೆ ಎಂದರ್ಥ. ಒಂದೇ ವಿಳಾಸ ಎರಡು ಯಂತ್ರಕ್ಕಿದ್ದರೆ ಒಂದೇ ಹೆಸರಿನ ಇಬ್ಬರಿರುವ ಊರಿನ ಅಂಚೆಯಂತೆ ಕಾಗದಗಳು ಅದಲುಬದಲಾಗುತ್ತವೆ. ಇನ್ನೊಂದು ತೊಡಕು ಹೆಸರಿನದು. ಜನ ಬರೆಯುವುದು ತಾಣದ ಹೆಸರು. ಯಂತ್ರಕ್ಕೆ ಬೇಕಾದದ್ದು ಅಂಕಿ. ಹೆಸರನ್ನು ಅಂಕಿಗೆ ಬದಲಿಸಿಕೊಡುವ ದೊಡ್ಡ ಪುಸ್ತಕದಂಥ ವ್ಯವಸ್ಥೆ ಡಿಎನ್‌ಎಸ್. ಅದು ಕೈಕೊಟ್ಟರೆ ರಸ್ತೆ ಸರಿಯಿದ್ದೂ ಮನೆ ಸಿಗುವುದಿಲ್ಲ. ಕಂಪ್ಯೂಟರಿನ ದಿನಾಂಕ ತಪ್ಪಿದ್ದರೂ ಸುರಕ್ಷಿತ ತಾಣಗಳು ಬಾಗಿಲು ತೆರೆಯುವುದಿಲ್ಲ. ಬಹಳ ದಿನ ಮೂಲೆಯಲ್ಲಿದ್ದ ಕಂಪ್ಯೂಟರನ್ನು ಹಚ್ಚಿದಾಗ ಗಡಿಯಾರವನ್ನೂ ಒಮ್ಮೆ ನೋಡುವುದು ಒಳ್ಳೆಯದು.

ಇವನ್ನೆಲ್ಲ ಪತ್ತೆ ಮಾಡಲು ಎರಡು ಹಳೆಯ ಸಲಕರಣೆಗಳಿವೆ, ಎರಡೂ ಪುಕ್ಕಟೆ. ಒಂದರ ಹೆಸರು ಪಿಂಗ್. ಅಮೆರಿಕದ ಸೇನೆಯ ಪ್ರಯೋಗಾಲಯದಲ್ಲಿದ್ದ ಮೈಕ್ ಮ್ಯೂಸ್ 1983ರ ಡಿಸೆಂಬರಿನಲ್ಲಿ ಬರೆದದ್ದು. ಜಲಾಂತರ್ಗಾಮಿಗಳು ಶಬ್ದ ಕಳಿಸಿ ಅದರ ಪ್ರತಿಧ್ವನಿ ಆಲಿಸುವುದನ್ನು ನೆನೆದು ಆತ ಈ ಹೆಸರಿಟ್ಟ. ಬಾವಿಗೆ ಬಗ್ಗಿ ‘ಓ’ ಎಂದು ಕೂಗಿ ಪ್ರತಿಧ್ವನಿಗೆ ಕಾಯುವ ಮಕ್ಕಳ ಆಟವೇ ಅದು. ಮೊದಲು ರೌಟರಿಗೆ ‘ಓ’ ಎನ್ನಿ. ಉತ್ತರ ಬಂದರೆ ಹೊರಗಿನ ಒಂದು ಅಂಕಿಯ ವಿಳಾಸಕ್ಕೆ. ಅಲ್ಲಿಂದಲೂ ಬಂದರೆ ಒಂದು ತಾಣದ ಹೆಸರಿಗೆ. ಅಂಕಿಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ಕಳ್ಳ ಡಿಎನ್‌ಎಸ್.

ಇನ್ನೊಂದು ಟ್ರೇಸ್‌ರೂಟ್, 1987ರಲ್ಲಿ ವ್ಯಾನ್ ಜೇಕಬ್‌ಸನ್ ಬರೆದದ್ದು. ಇದನ್ನು ತಿಳಿಯಲು ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಬೀರೂರಿನ ಕಡೆಯಿಂದ ಬರುವ ಹಳಿ ಹೊಸದುರ್ಗ ರೋಡ್ ದಾಟಿ ಚಿಕ್ಕಜಾಜೂರಿಗೆ ಬರುತ್ತದೆ. ಅಲ್ಲಿ ಒಂದು ದಾರಿ ದಾವಣಗೆರೆಯತ್ತ, ಇನ್ನೊಂದು ಚಿತ್ರದುರ್ಗದತ್ತ ಕವಲೊಡೆಯುತ್ತದೆ. ಬೀರೂರಿನಲ್ಲಿ ಒಬ್ಬರನ್ನು ರೈಲು ಹತ್ತಿಸಿ ‘ಹೊಸದುರ್ಗ ರೋಡಿನಲ್ಲಿ ಇಳಿದು ಫೋನು ಮಾಡು’ ಎಂದು ಕಳಿಸಿ. ಇನ್ನೊಬ್ಬರಿಗೆ ‘ಚಿಕ್ಕಜಾಜೂರಿನಲ್ಲಿ ಇಳಿದು ಫೋನು ಮಾಡು’ ಎನ್ನಿ. ಮೂರನೆಯವರಿಗೆ ಚಿತ್ರದುರ್ಗ. ಯಾರ ಫೋನು ಬರಲಿಲ್ಲವೋ ಅವರ ನಿಲ್ದಾಣಕ್ಕೂ ಹಿಂದಿನದಕ್ಕೂ ನಡುವೆ ಏನೋ ಆಗಿದೆ. ಟ್ರೇಸ್‌ರೂಟ್ ಮಾಡುವುದೂ ಇದನ್ನೇ. ಫೋನು ಮಾಡುವ ಅಭ್ಯಾಸವೇ ಇಲ್ಲದ ಮೌನಿ ನಿಲ್ದಾಣಗಳೂ ದಾರಿಯಲ್ಲಿರುತ್ತವೆ. ಮುಂದಿನವರ ಫೋನು ಬಂದರೆ ಆ ಮೌನವನ್ನು ಚಿಂತೆಗೆ ಹಚ್ಚಿಕೊಳ್ಳಬೇಕಿಲ್ಲ.

ಹೊಸದುರ್ಗ ರೋಡ್ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಹೆಸರಿನಲ್ಲಿ ಹೊಸದುರ್ಗವಿದ್ದರೂ ಆ ನಿಲ್ದಾಣ ಪಟ್ಟಣದಿಂದ ದೂರ; ಇಳಿದವರು ಊರು ಸೇರಲು ಮತ್ತೆ ಬಸ್ಸು ಹಿಡಿಯಬೇಕು. ಗ್ರಾಮ ಪಂಚಾಯಿತಿಗಳಿಗೆ ಗಾಜಿನ ಎಳೆ ಒಯ್ಯುವ ಯೋಜನೆಗೆ ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟಿದ್ದು 2011ರಲ್ಲಿ. ಮುಂದೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಪಂಚಾಯಿತಿಯವರೆಗೆ ಎಳೆ ಬಂದ ಮಾತ್ರಕ್ಕೆ ತೋಟದ ಮನೆಯ ಹುಡುಗಿಯ ಕೈಗೆ ಪಾಠ ಬಂದಂತಲ್ಲ. ನಡುವಿನ ಆ ಕೊನೆಯ ತುಣುಕು ದಾರಿಯಲ್ಲೇ ಹೆಚ್ಚಿನ ಗರಿಗಳು ಬೀಳುತ್ತವೆ, ಹೆಚ್ಚಿನ ಇಲಿಗಳು ಓಡಾಡುತ್ತವೆ.

‘ಬರುತ್ತಿಲ್ಲ’ ಎಂಬುದಕ್ಕೂ ‘ನಿಧಾನ’ ಎಂಬುದಕ್ಕೂ ಮದ್ದು ಬೇರೆ ಬೇರೆ. ಹಿರಿಯೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿದ್ದು, ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಿಸಿತು. ಅಣೆಕಟ್ಟು ತುಂಬಿದ್ದರೂ ನಾಲೆಯ ಮೇಲ್ಭಾಗದವರೆಲ್ಲ ಒಟ್ಟಿಗೆ ನೀರು ತಿರುಗಿಸಿಕೊಂಡರೆ ಕೊನೆಯ ಜಮೀನಿಗೆ ತಲುಪುವುದು ತೇವ ಮಾತ್ರ. ಸಂಜೆ ಏಳರಿಂದ ಹತ್ತರವರೆಗೆ ಇಡೀ ಬೀದಿ ಕ್ರಿಕೆಟ್ಟು, ಸಿನಿಮಾ ನೋಡುವಾಗ ಇಂಟರ್‌ನೆಟ್ಟಿನದೂ ಅದೇ ಕಥೆ. ಮನೆಯೊಳಗೂ ಒಬ್ಬರು ಟಿವಿಯಲ್ಲಿ ಸಿನಿಮಾ ಹಚ್ಚಿದ್ದರೆ ಇನ್ನೊಬ್ಬರ ಪಾಠ ನಿಂತು ನಿಂತು ಬರಬಹುದು. ಬೆಳಿಗ್ಗೆ ಐದಕ್ಕೆ ಚೆನ್ನಾಗಿದ್ದು ಸಂಜೆ ಎಂಟಕ್ಕೆ ಕುಂಟಿದರೆ ತಂತಿ ಬದಲಿಸಿ ಪ್ರಯೋಜನವಿಲ್ಲ. ಮನೆಯಲ್ಲಿ ಸರದಿ ಹಾಕಿಕೊಳ್ಳಬೇಕು. ಮೊಬೈಲಿನಲ್ಲಾದರೆ ದಿನದ ಪಾಲು ಮುಗಿದಿದೆಯೇ ಎಂದೂ ನೋಡಬೇಕು. ಪಾಲು ಮುಗಿದ ಮೇಲೆ ವೇಗ ಕುಸಿಯುವುದು ರೋಗವಲ್ಲ, ಕರಾರು.

ಇಷ್ಟೆಲ್ಲ ಹೇಳಿದ ಮೇಲೂ ಮುಖ್ಯವಾದ ಮಾತೊಂದು ಉಳಿದಿದೆ. ಅದು ತಂದೆತಾಯಿಗಳಿಗೆ ಸಂಬಂಧಿಸಿದ್ದು. ‘ನೆಟ್ ಬರಲಿಲ್ಲ, ಅದಕ್ಕೇ ಪಾಠ ಕೇಳಲಿಲ್ಲ’ ಎಂದು ಮಗ ಹೇಳಿದಾಗ ಬಹಳ ಮನೆಗಳಲ್ಲಿ ಎರಡೇ ಉತ್ತರ. ಒಂದು, ಕಣ್ಣುಮುಚ್ಚಿ ನಂಬುವುದು. ಇನ್ನೊಂದು, ‘ಆಟ ಆಡೋಕೆ ಬರ್ತೈತೆ, ಪಾಠಕ್ಕೆ ಬರಲ್ವ?’ ಎಂದು ಗದರುವುದು. ನಂಬಿದರೆ ಸುಳ್ಳು ಹೇಳುವ ಮಗ ಕಲಿಯುವುದಿಲ್ಲ. ಗದರಿದರೆ ನಿಜ ಹೇಳುವ ಮಗ ಮುಂದಿನ ಸಲ ಹೇಳುವುದೇ ಇಲ್ಲ. ಮೂರನೆಯ ದಾರಿ ಪಕ್ಕದಲ್ಲಿ ಕುಳಿತು ‘ಎಲ್ಲಿವರೆಗೆ ಬಂದಿದೆ, ಎಲ್ಲಿಂದ ನಿಂತಿದೆ, ತೋರಿಸು’ ಎನ್ನುವುದು. ಆಟ ತೆರೆದು ಪಾಠ ತೆರೆಯದಿರುವುದೂ ಸಾಧ್ಯ. ಆಟದ ಸರ್ವರ್ ಬೇರೆ, ಪಾಠದ್ದು ಬೇರೆ. ಕೆಲವು ಆಟಗಳಿಗೆ ಜಾಲವೇ ಬೇಡ. ಪರೀಕ್ಷಿಸಿ ನೋಡಿದರೆ ನಿಜ ಹೇಳಿದವನ ಮಾತು ಉಳಿಯುತ್ತದೆ, ನೆಪ ಹೇಳಿದವನಿಗೆ ನೆಪ ಕಷ್ಟವಾಗುತ್ತದೆ. ಕಂಪ್ಯೂಟರ್ ತಿಳಿಯದ ಅಪ್ಪ ಅಮ್ಮಂದಿರೂ ಈ ಪ್ರಶ್ನೆ ಕೇಳಬಲ್ಲರು. ಏಕೆಂದರೆ ಬೋರು, ಹಸು, ಒಲೆ, ಮಗುವಿನ ಹೊಟ್ಟೆನೋವು ಎಲ್ಲದರಲ್ಲೂ ಅವರು ಜೀವಮಾನವಿಡೀ ಕೇಳಿಕೊಂಡು ಬಂದದ್ದು ಇದನ್ನೇ.

ಮಕ್ಕಳಿಗೆ ಹೇಳಬೇಕಾದದ್ದು ಮೂರೇ ಮಾತು. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಸರಿಹೋದರೂ ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ರೌಟರಿನ ಬಳಿ ಒಂದು ಹಳೆಯ ನೋಟುಪುಸ್ತಕ ತೂಗುಹಾಕಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ದೀಪ, ಏನು ಮಾಡಿದ ಮೇಲೆ ಸರಿಯಾಯಿತು ಎಂದು ಒಂದು ಸಾಲು ಬರೆಯಿರಿ. ದೂರು ಕೊಡಲು ಫೋನು ಮಾಡಿದಾಗ ‘ನೆಟ್ ಇಲ್ಲ’ ಎನ್ನುವವನಿಗೂ ‘ನಿನ್ನೆ ರಾತ್ರಿ ಒಂಬತ್ತರಿಂದ ಎಲ್‌ಒಎಸ್ ದೀಪ ಕೆಂಪಾಗಿದೆ’ ಎನ್ನುವವಳಿಗೂ ಸಿಗುವ ಉತ್ತರ ಒಂದೇ ಆಗಿರುವುದಿಲ್ಲ. ಮೂರನೆಯದು, ಕೊನೆಯ ದಿನದ ಅರ್ಜಿಯನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ತೆಂಗಿನ ಗರಿಗೆ ಪಂಚಾಂಗವಿಲ್ಲ. ಅದು ಬೀಳಬೇಕೆನಿಸಿದ ದಿನ ಬೀಳುತ್ತದೆ.